ಹದಿನೆಂಟನೆಯ ಹೆಸರು

ಹೊಸಪೇಟೆಯಲ್ಲಿ ನಾನು ಓದಿದ ಕಾಲೇಜಿನ ಪ್ರಾಂಶುಪಾಲರ ಕೋಣೆಯಲ್ಲಿ ಇವತ್ತಿಗೂ ಒಂದು ಫೋಟೋ ತೂಗುತ್ತಿದೆ. ಹಂಪಿಯ ಬಂಡೆಗಳ ಮುಂದೆ ನಮ್ಮ ಫುಟ್‌ಬಾಲ್ ತಂಡ. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಆಡಳಿತ ಮಂಡಳಿಯ ಹೊಟ್ಟೆಗಳು ಕುಳಿತಿವೆ. ಆ ಕುರ್ಚಿಗಳನ್ನು ಟೆಂಪೋದಿಂದ ಇಳಿಸಿ ಒರೆಸಿ ಸಾಲಾಗಿ ಇಟ್ಟವರು ನಾವೇ, ಗೆದ್ದು ಬಂದವರು. ಹಿಂದೆ ಹದಿನೆಂಟು ಜನ ನಿಂತಿದ್ದೇವೆ. ಹದಿನೇಳು ಜನರ ಬಿಳಿ ಅಂಗಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದೆ. ನಟ್ಟನಡುವೆ ಕಪ್ ಹಿಡಿದುಕೊಂಡವನ ಅಂಗಿ ಮಾತ್ರ ಹಾಲಿನಷ್ಟು ಬಿಳಿ. ನೋಡಿದವರೆಲ್ಲ ಅವನೇ ಕ್ಯಾಪ್ಟನ್ ಇರಬೇಕು ಅಂದುಕೊಳ್ಳುತ್ತಾರೆ. ಕ್ಯಾಪ್ಟನ್ ನಾನು. ಬಲತುದಿಯಲ್ಲಿ ಅರ್ಧ ಮುಖ ಕತ್ತರಿಸಿ ಹೋಗಿರುವವನು.

ಆ ವರ್ಷದ ಆರಂಭದಲ್ಲಿ ಕಾಲೇಜಿಗೊಂದು ಫುಟ್‌ಬಾಲ್ ತಂಡ ಇದೆ ಅನ್ನುವುದೇ ಈ ಹೊಟ್ಟೆಗಳಿಗೆ ಗೊತ್ತಿರಲಿಲ್ಲ. ಮೈದಾನ ಅನ್ನಿಸಿಕೊಂಡ ಜಾಗ ಮದುವೆ ದಿನಗಳಲ್ಲಿ ಪಕ್ಕದ ಕಲ್ಯಾಣ ಮಂಟಪದ ಕಾರುಗಳಿಗೆ ಮೀಸಲು. ಉಳಿದ ದಿನ ಹಿಂದಿನ ಓಣಿಯವರು ಗೋಲ್ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಅವರ ಸೀರೆಗಳನ್ನು ಮಡಚಿ ಪಕ್ಕಕ್ಕಿಟ್ಟು ನಾವು ಪ್ರಾಕ್ಟೀಸ್ ಮಾಡುತ್ತಿದ್ದೆವು. ಹೊಸ ಚೆಂಡು ಕೊಡಿಸಿ ಎಂದು ಪ್ರಾಂಶುಪಾಲರ ಹತ್ತಿರ ಹೋದರೆ ಇರುವ ಚೆಂಡಿಗೆ ಏನಾಗಿದೆ ಅಂದರು. ಒಡೆದಿದೆ ಸರ್ ಅಂದೆವು. ಒಡೆಯುವ ಹಾಗೆ ಯಾಕೆ ಒದೆಯುತ್ತೀರಿ ಅಂದರು. ಮನುಷ್ಯ ಡಾಕ್ಟರೇಟ್ ಮಾಡಿದವರು, ಎದುರು ಮಾತಾಡುವುದು ಹೇಗೆ?

ಆದರೂ ಗೆದ್ದೆವು. ಅಂತರ ಕಾಲೇಜು ಟೂರ್ನಿಯ ಮೊದಲ ಪಂದ್ಯ ಕಂಪ್ಲಿಯಲ್ಲಿ, ಕೆಸರಿನಲ್ಲಿ ಜಾರಿ ಬೀಳುತ್ತಾ ಗೆದ್ದೆವು. ಸೆಮಿಫೈನಲ್ ಸಂಡೂರಿನಲ್ಲಿ. ಅಲ್ಲಿನ ಅದಿರಿನ ಧೂಳು ಅಂಗಿಗೆ ಹತ್ತಿತೆಂದರೆ ಹತ್ತಿತು, ಮನೆಯವರು ಎಷ್ಟು ಕುಕ್ಕಿದರೂ ಬಿಡುವುದಿಲ್ಲ. ಆ ದಿನ ನಮ್ಮನ್ನು ಉಳಿಸಿದವನು ಎಡಬದಿಯ ಡಿಫೆಂಡರ್. ಗೋಲ್‌ಕೀಪರ್ ಮುಂದೆ ಓಡಿಬಿಟ್ಟಿದ್ದ, ಚೆಂಡು ಇನ್ನೇನು ಗೆರೆ ದಾಟಬೇಕು, ಇವನು ಮೈ ಉದ್ದಕ್ಕೆ ಚೆಲ್ಲಿ ಕಾಲಲ್ಲಿ ಅದನ್ನು ಹೊರಗೆ ತಳ್ಳಿದ. ಎದ್ದಾಗ ಹಲ್ಲು ಬಿಟ್ಟರೆ ಮತ್ತೆಲ್ಲ ಕೆಂಪು.

ಅವನು ಕಂಪ್ಲಿ ಕಡೆಯವನು. ಅಪ್ಪ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೂಲಿ. ಇವನೂ ಫೀಸಿಗಾಗಿ ಅಲ್ಲೇ ಪಾಳಿ ಮಾಡಿ, ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಾ ಬಂದು ನೇರ ಮೈದಾನಕ್ಕೆ ಇಳಿಯುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ, ಸರ್ಟಿಫಿಕೇಟ್. ಟೂರ್ನಿ ಗೆದ್ದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಅದು ಸಿಗುವುದು ಫೈನಲ್ ಪಟ್ಟಿಯಲ್ಲಿ ಹೆಸರಿರುವ ಹದಿನೆಂಟು ಜನರಿಗೆ ಮಾತ್ರ.

ಸಂಡೂರಿನಿಂದ ಬಂದ ಮರುದಿನವೇ ಕಾಲೇಜಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಅಲ್ಲಿಯವರೆಗೆ ‘ಆ ಉಡಾಳರು’ ಆಗಿದ್ದವರು ‘ನಮ್ಮ ಹುಡುಗರು’ ಆದೆವು. ಪ್ರಾಂಶುಪಾಲರು ಬಾಳೆಹಣ್ಣು ತರಿಸಿದರು. ಅದರ ಜೊತೆಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಅಕ್ಕನ ಮಗನೂ ಬಂದ, ಡಬ್ಬಿಯಿಂದ ಆಗಷ್ಟೇ ತೆಗೆದ ಬೂಟು ಹಾಕಿಕೊಂಡು. ಚೆಂಡನ್ನು ಒದೆಯಲು ಹೇಳಿದರೆ ನೆಲ ಒದ್ದು ಹೆಬ್ಬೆರಳು ಹಿಡಿದುಕೊಂಡು ಕುಳಿತ ಆಸಾಮಿ. ಅವನಿಗೂ ಒಂದು ಸರ್ಟಿಫಿಕೇಟ್ ಬೇಕಾಗಿತ್ತು.

ಒಬ್ಬರನ್ನು ತೆಗೆಯಬೇಕಾಯಿತು. ಆಡುವುದೇ ಬಾರದ ಮೂವರು ಪಟ್ಟಿಯಲ್ಲಿದ್ದರು, ಆದರೆ ಒಬ್ಬನ ಅಪ್ಪ ವಕೀಲ, ಇನ್ನೊಬ್ಬನ ಮಾವನದು ರೈಸ್ ಮಿಲ್ಲು, ಮತ್ತೊಬ್ಬನ ತಾಯಿ ಅದೇ ಕಾಲೇಜಿನ ಲೆಕ್ಚರರ್. ನಮ್ಮ ಡಿಫೆಂಡರ್ ಪರವಾಗಿ ಬಂದು ಮೇಜು ಗುದ್ದುವವರು ಯಾರೂ ಇರಲಿಲ್ಲ. ದೈಹಿಕ ಶಿಕ್ಷಕರು ಅವನ ಹಾಜರಾತಿ ಕಡಿಮೆ ಇದೆ ಎಂದು ಕಂಡುಹಿಡಿದರು. ನಮ್ಮೆಲ್ಲರ ಹಾಜರಾತಿಯೂ ಕಡಿಮೆಯೇ ಇತ್ತು. ನನ್ನದಂತೂ ಹೇಳುವ ಹಾಗಿರಲಿಲ್ಲ.

ಅವನು ಕ್ಯಾಂಟೀನಿನ ಹಿಂದೆ ನನ್ನನ್ನು ಹಿಡಿದ. ಗೋಗರೆಯಲಿಲ್ಲ, ನಿಯಮ ಹೇಳಿದ.

“ಕ್ಯಾಪ್ಟನ್ ಸಹಿ ಇಲ್ದ ಪಟ್ಟಿ ತಗೊಳಂಗಿಲ್ಲ. ನೀ ಹಾಕಬ್ಯಾಡಲೇ, ಅಷ್ಟ ಸಾಕು.”

“ಹಾಕಂಗಿಲ್ಲ” ಅಂದೆ. ಎದೆ ಮುಟ್ಟಿಕೊಂಡು ಅಂದೆ, ನಾಟಕದವರ ಹಾಗೆ.

ಸಂಜೆ ದೈಹಿಕ ಶಿಕ್ಷಕರು ಪಟ್ಟಿ ಮುಂದಿಟ್ಟರು. ಹದಿನೆಂಟನೆಯ ಹೆಸರು ಆಗಲೇ ಬದಲಾಗಿತ್ತು. ನಾನು ಏನೋ ಗೊಣಗಿದೆ. ಅವರು ಗದರಿಸಲೂ ಇಲ್ಲ. ಒಂದು ಹೆಸರು ಬದಲಾಗುವುದಾದರೆ ಎರಡೂ ಬದಲಾಗಬಹುದು, ಕ್ಯಾಪ್ಟನ್ ಅಂದರೆ ಏನು ದೇವರೇ ಎಂದು ಚಹಾ ಕುಡಿಯುತ್ತಾ ಕೇಳಿದರು. ಅವರ ಚಹಾ ಮುಗಿಯುವ ಮೊದಲೇ ನನ್ನ ಸಹಿ ಮುಗಿದಿತ್ತು. ಪ್ರಾಂಶುಪಾಲರು, ಕಾರ್ಯದರ್ಶಿ, ಹೊಸ ಬೂಟಿನವನು, ಇವರನ್ನೆಲ್ಲ ಇಷ್ಟು ವರ್ಷ ಮನಸಾರೆ ಬೈದಿದ್ದೇನೆ. ಅವರು ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಕಾಲೇಜು ಕೊಡಿಸಿದ್ದು ಹದಿನೆಂಟೇ ಅಂಗಿ. ಹಾಗಾಗಿ ಅವನ ಅಂಗಿಯನ್ನೂ ವಾಪಸ್ ಕೇಳಿದರು. ಮರುದಿನ ಅವನೇ ತಂದು ಶಿಕ್ಷಕರ ಮೇಜಿನ ಮೇಲಿಟ್ಟ. ನಾವು ಯಾರೂ ತೆಗೆಯಲಾಗದ ಸಂಡೂರಿನ ಕೆಂಪನ್ನು ಅವನು ನಿಂಬೆಹಣ್ಣು, ಸೋಡಾ ಹಾಕಿ ತಿಕ್ಕಿ ತಿಕ್ಕಿ ತೆಗೆದಿದ್ದ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು. ಇಷ್ಟು ಯಾಕೆ ಒಗೆದೆ ಎಂದು ಶಿಕ್ಷಕರು ನಗುತ್ತಾ ಕೇಳಿದರು.

“ನನ್ನ ಮಣ್ಣು ಅವಗ್ಯಾಕ್ರಿ ಸಾರ್” ಅಂದ. ನನ್ನ ಕಡೆ ನೋಡದೆ ಹೊರಟುಹೋದ.

ಫೈನಲ್ಲಿನಲ್ಲಿ ಗೆದ್ದೆವು. ನನ್ನ ಸಂಕಟ ಇರುವುದೇ ಅಲ್ಲಿ. ಸೋತಿದ್ದರೆ ಅವನನ್ನು ಬಿಟ್ಟದ್ದಕ್ಕೆ ಸೋತೆವು ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಎದುರಾಳಿಗಳು ಎಡಬದಿಯಿಂದಲೇ ನುಗ್ಗಿ ನುಗ್ಗಿ ಬಂದರು, ಎರಡು ಸಲ ಕಂಬಕ್ಕೆ ಹೊಡೆದರು, ಕೊನೆಗೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಅಕ್ಕನ ಮಗನನ್ನು ಕೊನೆಯ ಒಂದು ನಿಮಿಷಕ್ಕೆ ಇಳಿಸಿದರು. ಚೆಂಡು ಅವನ ಹತ್ತಿರ ಸುಳಿಯಲಿಲ್ಲ, ಅವನೂ ಅದರ ಹತ್ತಿರ ಸುಳಿಯಲಿಲ್ಲ.

ಆಮೇಲೆ ಸನ್ಮಾನ. ಹದಿನೆಂಟು ಜನರಿಗೆ ತಂದದ್ದು ಮೂರು ಶಾಲು. ಹೊದಿಸುವುದು, ಫೋಟೋ ಹೊಡೆಸುವುದು, ಪರದೆಯ ಹಿಂದೆ ಜವಾನ ಅದನ್ನು ಕಿತ್ತು ಮಡಚಿ ಮತ್ತೆ ತಟ್ಟೆಗೆ ಇಡುವುದು. ನನ್ನ ಹೆಗಲಿಗೆ ಬರುವ ಹೊತ್ತಿಗೆ ಶಾಲು ಐದು ಜನರ ಬೆವರಿನ ವಾಸನೆ ಹೊಡೆಯುತ್ತಿತ್ತು. ಅಕ್ಕನ ಮಗನಿಗೆ ಹೊದಿಸಿದ್ದನ್ನು ಮಾತ್ರ ಯಾರೂ ಕೀಳಲಿಲ್ಲ. ಪ್ರಾಂಶುಪಾಲರು ತಾವು ಮೊದಲಿನಿಂದಲೂ ಈ ಹುಡುಗರ ಬೆನ್ನಿಗಿದ್ದುದಾಗಿ ಭಾಷಣ ಮಾಡಿದರು. ನಾವು ಚಪ್ಪಾಳೆ ಹೊಡೆದೆವು. ಎಲ್ಲರಿಗಿಂತ ಜೋರಾಗಿ ಬಹುಶಃ ನಾನೇ ಹೊಡೆದೆ.

ಆ ಸರ್ಟಿಫಿಕೇಟ್ ಹೊಸ ಬೂಟಿನವನಿಗೆ ಯಾವ ಉಪಯೋಗಕ್ಕೂ ಬರಲಿಲ್ಲ, ಅವನು ಕಾರ್ಯದರ್ಶಿ ಮಾವನ ವ್ಯವಹಾರ ನೋಡಿಕೊಂಡಿದ್ದಾನೆ. ನನಗೆ ಬಂತು. ಅದನ್ನೇ ಅರ್ಜಿಗೆ ಲಗತ್ತಿಸಿ ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದೆ. ಈಗ ಟಿ.ಬಿ. ಡ್ಯಾಂ ಹತ್ತಿರ ಕಾಲುವೆ ಕಚೇರಿಯಲ್ಲಿ ಕುಳಿತಿದ್ದೇನೆ. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಸರದಿ ಪಟ್ಟಿಗಳು ನನ್ನ ಮೇಜಿನ ಮೇಲೆ ಹಾದು, ನನ್ನ ಸಹಿ ಬಿದ್ದು ಮೇಲಕ್ಕೆ ಹೋಗುತ್ತವೆ. ಹೊಟ್ಟೆಯೂ ಸ್ವಲ್ಪ ಬಂದಿದೆ.

ಕಳೆದ ತಿಂಗಳು ಕಂಪ್ಲಿ ಕಡೆಯ ರೈತರು ನಾಲ್ಕು ಜನ ಬಂದರು. ಹಿಂದಿನ ಸಲ ಕೆಲವು ಹೆಸರು ಬಿಟ್ಟುಹೋಗಿ ಪೈರು ಒಣಗಿತ್ತಂತೆ. ಹಿಂದೆ ನಿಂತಿದ್ದವನು ಅವನು. ಕಾರ್ಖಾನೆಯ ಖಾಕಿ ಅಂಗಿಯಲ್ಲೇ ಬಂದಿದ್ದ, ಪಾಳಿ ಮುಗಿಸಿ ಅಪ್ಪನ ಒಂದೆಕರೆ ಹೊಲ ನೋಡಿಕೊಳ್ಳುತ್ತಾನೆ ಎಂದು ಜೊತೆಗಿದ್ದವರು ಹೇಳಿದರು. ನಾನು ಎದ್ದು ನಿಂತೆ, ಕುರ್ಚಿ ಎಳೆದೆ, ಚಹಾ ತರಿಸುತ್ತೇನೆ ಅಂದೆ. ಬೇಡ ಎಂದು ತಲೆಯಾಡಿಸಿದ. ಏನು ಮಾಡಬೇಕೋ ತಿಳಿಯದೆ ಪಟ್ಟಿ ಎಳೆದುಕೊಂಡು, ಇದೇನು ದೊಡ್ಡ ಕೆಲಸ, ಈಗಲೇ ಮಾಡಿಬಿಡೋಣ ಎಂದು ಪೆನ್ನಿನ ಮುಚ್ಚಳ ತೆಗೆದೆ.

ಅವನು ಮುಂದೆ ಬಂದು ಪಟ್ಟಿಯ ಮೇಲೆ ಅಂಗೈ ಇಟ್ಟ.

“ಮೊದ್ಲು ನನ್ನ ಹೆಸರು ಓದ್ರಿ ಸಾಹೇಬ್ರ. ಆಮ್ಯಾಲ ಸಹಿ ಹಾಕ್ರಿ.”

ಅಂಗೈ ತೆಗೆದ. ನಾನು ಬೆರಳಿಟ್ಟು ಹುಡುಕಿ, ಸಿಕ್ಕಿದ ಮೇಲೆ ಓದಿದೆ. ಕೇಳಿಸಲಿಲ್ಲ ಅಂದ. ಆಫೀಸಿನವರೆಲ್ಲ ತಲೆಯೆತ್ತಿ ನೋಡುವ ಹಾಗೆ ಇನ್ನೊಮ್ಮೆ ಓದಿದೆ.