ಸೈಕಲ್ಲಿಗೆ ತೋಳಿನಳತೆ ತೆಗೆಯುವ ಟೇಲರಕ್ಕ

ಕಳೆದ ಭಾನುವಾರ ನಾನು ಸೈಕಲ್ ತುಳಿದ ರಭಸಕ್ಕೆ ನನ್ನ ನೆರಳು ಹಿಂದೆ ಉಳಿದುಹೋಯಿತು. ಪಾಪ, ಒಂದಷ್ಟು ದೂರ ಏದುಸಿರು ಬಿಡುತ್ತ ಓಡಿಬಂತು. ಇನ್ನಾಗದು ಅನ್ನಿಸಿದ ಮೇಲೆ ಬಸ್ಸು ಹಿಡಿದು, ಸಂಜೆಯ ಹೊತ್ತಿಗೆ ಮನೆ ಸೇರಿತು. ನಂಬದಿದ್ದರೆ ಬಿಡಿ. ಆದರೆ ಆ ಸೈಕಲ್ಲಿನ ಹ್ಯಾಂಡಲ್ ಕೂರಿಸಿದವರು ಯಾರು ಅಂತಲಾದರೂ ಕೇಳಿ. ಅವರ ಬಗ್ಗೆ ನಾನು ಎಷ್ಟು ಉಬ್ಬಿಸಿ ಬರೆದರೂ ಕಡಿಮೆಯೇ.

ಶುಕ್ರವಾರದ ಬೆಳಗು. ಬಿಸಿಲು ಇನ್ನೂ ಬೀದಿಯ ಒಂದೇ ಮಗ್ಗುಲಿಗೆ ಬಿದ್ದಿದೆ. ಲಾಂಡ್ರಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಸೈಕಲ್ ಅಂಗಡಿಯ ಶಟರು ಅರ್ಧ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ, ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡ ಹೆಂಗಸೊಬ್ಬರು ಕೆಂಪು ಸೈಕಲ್ಲೊಂದರ ಮುಂದೆ ಮಂಡಿಯೂರಿ ಕೂತಿದ್ದಾರೆ. ಹಿಂದಿನ ಚಕ್ರ ಉಕ್ಕಿನ ಸ್ಟ್ಯಾಂಡಿನಲ್ಲಿ ಸಿಕ್ಕಿಕೊಂಡಿದೆ. ಹ್ಯಾಂಡಲ್ ಬಿಚ್ಚಿಕೊಂಡು, ಬ್ರೇಕಿನ ಮತ್ತು ಗೇರಿನ ವೈರುಗಳಲ್ಲಿ ನೇತಾಡುತ್ತಿದೆ. ಅದರ ಕೆಳಗೊಂದು ಹಳೆಯ ದಿಂಬು, ವೈರಿಗೆ ನೋವಾಗದಿರಲೆಂದು. ಗೋಡೆಗೆ ಆಳೆತ್ತರದ ಕನ್ನಡಿ. ಈ ಅಂಗಡಿಯ ಅರ್ಧ ಭಾಗ ಒಂದು ಕಾಲದಲ್ಲಿ ಟೇಲರಿಂಗ್ ಅಂಗಡಿಯಾಗಿತ್ತು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಆ ಕನ್ನಡಿ, ಈ ಟೇಪು ಮತ್ತು ಎಲ್ಲರೂ ಕರೆಯುವ ಹೆಸರು: ಟೇಲರಕ್ಕ.

ಟೇಲರಕ್ಕ ದಿನಕ್ಕೆ ಮುನ್ನೂರು ಸೈಕಲ್ಲುಗಳ ಹ್ಯಾಂಡಲ್ ಬದಲಿಸುತ್ತಾರೆ ಎಂದು ನಾನು ಬರೆದುಕೊಳ್ಳುತ್ತಿದ್ದರೆ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅವರ ತಮ್ಮ, ಅಂದರೆ ಅಂಗಡಿಯ ಯಜಮಾನ, ಇಣುಕಿ ನೋಡುತ್ತಾನೆ. "ಮುನ್ನೂರಾ ಸಾರ್? ಇಲ್ಲಿ ಏಳು ಸೈಕಲ್ ನಿಲ್ಸಿದ್ರೆ ನಾನು ಬೀದೀಲಿ ನಿಂತ್ಕೋಬೇಕು. ವಾರಕ್ಕೆ ಎರಡು ಅಂತ ಬರೀರಿ." ಎರಡು ಎಂದು ಬರೆದರೆ ಓದುವವರಿಗೆ ಏನು ರೋಮಾಂಚನವಾದೀತು? ಇರಲಿ, ವಾರಕ್ಕೆ ಎರಡು. ಆದರೆ ಆ ಎರಡರ ಒಂದೊಂದರ ಹಿಂದೆಯೂ ಅರ್ಧ ದಿನದ ಮಾತುಕತೆ ಇದೆ.

ಮಾತುಕತೆಯೇ ಇಲ್ಲಿನ ಕಸುಬಿನ ಗುಟ್ಟು. ಈಜು, ಸೈಕಲ್, ಓಟ, ಈ ಮೂರನ್ನೂ ನಡುವೆ ಕೂರದೆ ಮುಗಿಸುವ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಸೈಕಲ್ಲಿಗೆ ಹ್ಯಾಂಡಲ್ಲಿನ ಮೇಲೆ ಮೊಣಕೈ ಊರುವ ಎರಡು ಮೆತ್ತೆಗಳೂ, ಮುಂದಕ್ಕೆ ಚಾಚಿದ ಎರಡು ಕೊಂಬುಗಳೂ ಇರುತ್ತವೆ. ಗಾಳಿಗೆ ಎದೆ ಕೊಡದೆ ಅವುಚಿಕೊಂಡು ತುಳಿಯಲೆಂದು. ಈ ಇಡೀ ಸರಂಜಾಮಿಗೆ ಕಾಕ್‌ಪಿಟ್ ಎಂದು ಹೆಸರು. ಅದನ್ನು ಸೈಕಲ್ಲಿನ ಕುತ್ತಿಗೆಗೆ ಹಿಡಿದಿಡುವ ಗೇಣಿಗಿಂತ ಚಿಕ್ಕ ತುಂಡು ಸ್ಟೆಮ್. ಕಂಪನಿಯವರು ಹಾಕಿಕೊಟ್ಟ ಸ್ಟೆಮ್ಮು ಕಾಕ್‌ಪಿಟ್ಟು ಎಲ್ಲರ ಮೈಗೂ ಒಗ್ಗುವುದಿಲ್ಲ. ಆಗ ಬೇರೆಯದನ್ನು ತಂದು ಕೂರಿಸಬೇಕು. ಯಾವುದು, ಎಷ್ಟು ಉದ್ದದ್ದು, ಎಷ್ಟು ಎತ್ತರಕ್ಕೆ ಎಂಬುದೇ ಪ್ರಶ್ನೆ.

"ಬಟ್ಟೆ ಹೊಲೀತಿದ್ದಾಗ ನೋಡ್ತಿದ್ದೆ. ಕನ್ನಡಿ ಮುಂದೆ ನಿಂತ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಂಡು ಉಸಿರು ಹಿಡಿದುಬಿಡ್ತಾರೆ. ಆ ಅಳತೆಗೆ ಹೊಲಿದ್ರೆ ಮನೆಗೆ ಹೋದ್ಮೇಲೆ ಗುಂಡಿ ಕಿತ್ತು ಬರತ್ತೆ" ಎನ್ನುತ್ತಾರೆ ಟೇಲರಕ್ಕ. "ಅದಕ್ಕೆ ಮಾತಿಗೆ ಎಳೀತಿದ್ದೆ. ಮಾತಾಡೋವಾಗ ಉಸಿರು ಹಿಡಿಯೋಕಾಗಲ್ಲ ನೋಡಿ. ಸೈಕಲ್ ಮೇಲೂ ಅಷ್ಟೇ. ತುಳೀತಾ ಬೆಳಿಗ್ಗೆ ಮನೇಲಿ ಏನಾಯ್ತು ಅಂತ ಹೇಳಿ ಅಂತೀನಿ. ಎಲ್ಲಿ ದನಿ ಹಿಚುಕಿದ ಹಾಗಾಗತ್ತೋ, ಅಲ್ಲಿ ಅಳತೆ ತಪ್ಪಿದೆ ಅಂತ ಅರ್ಥ."

ಸಿದ್ಧ ಉಡುಪಿನ ಅಂಗಡಿಗಳು ಬಂದು ಹೊಲಿಗೆ ಕೇಳುವವರು ಇಲ್ಲವಾದಾಗ ಅವರು ಮಿಷನ್ನಿಗೆ ಹೊದಿಕೆ ಹಾಕಿ, ತಮ್ಮನ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕೂತರು. ಮೊದಮೊದಲು ಬಂದ ಗಿರಾಕಿಗಳೆಲ್ಲ ಅವರ ತಲೆಯ ಮೇಲಿಂದ ಒಳಗೆ ನೋಡುತ್ತಾ "ಮೆಕ್ಯಾನಿಕ್ ಎಲ್ಲಿ?" ಎನ್ನುತ್ತಿದ್ದರಂತೆ. "ಒಳಗಿದ್ದಾರೆ, ಕರೀತೀನಿ ಇರಿ" ಎಂದು ಇವರು ಪರದೆಯ ಹಿಂದೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಅದೇ ಪರದೆಯಿಂದ ಹೊರಗೆ ಬಂದು "ಹೇಳಿ, ಏನಾಗಬೇಕಿತ್ತು?" ಎನ್ನುತ್ತಿದ್ದರು. ಇದನ್ನು ಹೇಳುವಾಗ ಅಕ್ಕತಮ್ಮ ಇಬ್ಬರೂ ಎಷ್ಟು ನಗುತ್ತಾರೆಂದರೆ ಪಕ್ಕದ ಲಾಂಡ್ರಿಯ ಇಸ್ತ್ರಿ ತಣ್ಣಗಾಗುತ್ತದೆ.

ಇವತ್ತಿನ ಕೆಂಪು ಸೈಕಲ್ಲಿನ ಒಡತಿ ಊರಿನ ಬಸ್ ಡ್ರೈವರ್. ನಲವತ್ತೆಂಟರ ಗಟ್ಟಿ ಹೆಂಗಸು. ಎರಡು ಸಲ ಟ್ರಯಥ್ಲಾನಿಗೆ ಇಳಿದಿದ್ದಾರೆ. ಎರಡು ಸಲವೂ ಈಜಿ ಬಂದು, ಸೈಕಲ್ ಅರ್ಧ ದಾರಿ ಸಾಗುವಷ್ಟರಲ್ಲಿ ಕುತ್ತಿಗೆ ಸೆಟೆದು, ಬೆರಳು ಜೋಮು ಹಿಡಿದು ಇಳಿದುಬಿಟ್ಟಿದ್ದಾರೆ. "ಇಡೀ ಊರನ್ನ ಹೊತ್ಕೊಂಡು ತಿರುಗೋಳು ನಾನು. ನನ್ನನ್ನೇ ವ್ಯಾನಲ್ಲಿ ಹಾಕ್ಕೊಂಡು ತಂದ್ರು ಕಣಕ್ಕಾ! ನಾಡಿದ್ದು ಮೂರನೇ ಸಲ. ಈ ಸಲಾನೂ ವ್ಯಾನ್ ಹತ್ತಿದ್ರೆ ಮುಗೀತು, ಸೈಕಲ್ ಮಾರಿಬಿಡ್ತೀನಿ." ಹಾಗೆನ್ನುವಾಗ ಅವರ ಕೈ ಮಾತ್ರ ಸೈಕಲ್ಲಿನ ಸೀಟನ್ನು ಸವರುತ್ತಲೇ ಇದೆ.

ಜತೆಗೆ ಅವರ ಅತ್ತೆ ಬಂದಿದ್ದಾರೆ. ಕುರ್ಚಿಯನ್ನು ಸೈಕಲ್ಲಿನ ಮುಂದಕ್ಕೇ ಎಳೆದುಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟು, ಪರೀಕ್ಷಾ ಮೇಲ್ವಿಚಾರಕರಂತೆ ಕೂತಿದ್ದಾರೆ.

ಟೇಲರಕ್ಕ ಹಳೆಯ ಸ್ಟೆಮ್ ತೆಗೆದು, ಅದಕ್ಕಿಂತ ಗಿಡ್ಡನೆಯದನ್ನು ಸೈಕಲ್ಲಿನ ಕುತ್ತಿಗೆಯ ಕಂಬಕ್ಕೆ ಇಳಿಸುತ್ತಾರೆ. ಅದರ ಅಡಿಗೆ ತೆಳುವಾದ ಉಂಗುರಗಳು. ಅವರ ಭಾಷೆಯಲ್ಲಿ ಬಳೆಗಳು. ಒಂದು ಬಳೆ ಹೆಚ್ಚಾದರೆ ಹ್ಯಾಂಡಲ್ ಅಷ್ಟು ಮೇಲೆ. ಮೇಲಿನ ಬೋಲ್ಟು ಮೊದಲು, ಪಕ್ಕದವು ಆಮೇಲೆ. ಹ್ಯಾಂಡಲ್ ಹಿಡಿಯುವ ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಹೋಗುತ್ತಾರೆ, ಒಂದೇ ಬದಿಗೆ ಎಳೆದರೆ ಹೊಲಿಗೆ ಸುಕ್ಕಾಗುವಂತೆ ಇಲ್ಲೂ ಸುಕ್ಕಾಗುತ್ತದಂತೆ. ಬಿಗಿ ಸಾಕಾದಾಗ ರೆಂಚು "ಟಿಕ್" ಎನ್ನುತ್ತದೆ. ಆ ಟಿಕ್ ಮೂರು ಬೀದಿಯಾಚೆಗೂ ಕೇಳಿಸಿತು ಎಂದು ನಾನು ಬರೆಯಬೇಕೆಂದಿದ್ದೆ. ತಮ್ಮ ನೋಡುತ್ತಿದ್ದಾನೆ. ಬೇಡ.

"ಹತ್ತಿ. ತುಳೀತಾ ಹೇಳಿ, ಇವತ್ತು ಬೆಳಿಗ್ಗೆ ಮನೇಲಿ ಏನಾಯ್ತು?"

ಡ್ರೈವರ್ ಹತ್ತಿ ಮೊಣಕೈ ಊರುತ್ತಾರೆ. "ಬೆಳಿಗ್ಗೆ... ಎದ್ದೆ. ಆಮೇಲೆ... ಅಡುಗೆಮನೆಗೆ ಹೋದೆ. ಅಲ್ಲಿ... ಏನೂ ಆಗಲಿಲ್ಲ."

ದನಿ ಹಿಚುಕಿದೆ. ಟೇಲರಕ್ಕನ ಹುಬ್ಬು ಗಂಟಾಗುತ್ತದೆ. ಎಲ್ಲ ಬಿಚ್ಚಿ, ಇನ್ನೊಂದು ಬಳೆ. ಮತ್ತೆ ಟಿಕ್, ಟಿಕ್. "ಈಗ ಹೇಳಿ, ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಏನಾಯ್ತು?"

"ಊಟ... ಊಟ ಚೆನ್ನಾಗಿತ್ತು. ಎಲ್ಲರೂ... ಸುಮ್ನೆ ಊಟ ಮಾಡಿದ್ವಿ."

ಇನ್ನೂ ಗಿಡ್ಡನೆಯ ಸ್ಟೆಮ್ ಬರುತ್ತದೆ. ಮೊಣಕೈ ಮೆತ್ತೆಗಳು ಅತ್ತ ಇತ್ತ ಸರಿಯುತ್ತವೆ. ದನಿ ಮಾತ್ರ ಬಿಗಿದ ಬಾಟಲಿಯಿಂದ ಬಂದಂತೆಯೇ ಬರುತ್ತಿದೆ. ಈಗ ನೋಡಿದರೆ ಡ್ರೈವರ್ ಸೈಕಲ್ಲಿನ ಮೇಲೆ ನೆಟ್ಟಗೆ, ಬಸ್ಸಿನ ಸ್ಟಿಯರಿಂಗ್ ಹಿಡಿದವರಂತೆ ಕೂತಿದ್ದಾರೆ. ತಮ್ಮ ಕೊಂಕು ತೆಗೆಯುತ್ತಾನೆ: "ಇನ್ನೊಂದು ಬಳೆ ಹಾಕಕ್ಕಾ, ಟಿಕೆಟ್ ಕೊಡೋಕೂ ಶುರು ಮಾಡ್ತಾರೆ."

ಟೇಲರಕ್ಕ ರೆಂಚು ಕೆಳಗಿಟ್ಟು ಗೋಡೆಯತ್ತ ತಿರುಗುತ್ತಾರೆ. ಕನ್ನಡಿಯಲ್ಲಿ ಡ್ರೈವರ್ ಕಾಣುತ್ತಾರೆ. ಅವರ ಕಣ್ಣು ಹ್ಯಾಂಡಲ್ ಮೇಲಿಲ್ಲ, ಎದುರಿನ ಕುರ್ಚಿಯ ಮೇಲಿದೆ. ಟೇಲರಕ್ಕನ ಮುಖ ನಿಧಾನಕ್ಕೆ ಅರಳುತ್ತದೆ.

"ಅಮ್ಮಾ," ಎನ್ನುತ್ತಾರೆ ಅತ್ತೆಯವರಿಗೆ, ಬೆಣ್ಣೆಯಂಥ ದನಿಯಲ್ಲಿ, "ಮೂಲೆ ಅಂಗಡೀಲಿ ನನ್ನ ತಮ್ಮನ ಜತೆ ಹೋಗಿ ಎಲ್ಲರಿಗೂ ಚಹಾ ತರ್ತೀರಾ? ಇವನಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ."

"ಅದನ್ನ ಮುಖ ನೋಡಿದ್ರೇನೇ ಹೇಳಬಹುದು" ಎಂದು ಅತ್ತೆ ಎದ್ದು, ತಮ್ಮನನ್ನು ಮುಂದೆ ಬಿಟ್ಟುಕೊಂಡು ಹೊರಡುತ್ತಾರೆ.

ಶಟರಿನಾಚೆ ಅವರ ಚಪ್ಪಲಿ ಸದ್ದು ಅಡಗಿದ್ದೇ ತಡ, ಡ್ರೈವರ್ ಬಾಯಿಂದ ಅಣೆಕಟ್ಟು ಒಡೆದಂತೆ ಮಾತು. "ಅಲ್ಲಾ ಟೇಲರಕ್ಕಾ, ನಾನು ಬೆಳಿಗ್ಗೆ ಐದಕ್ಕೆ ಈಜೋಕೆ ಹೋದ್ರೆ, 'ಮನೆ ನಲ್ಲೀಲಿ ನೀರು ಬರ್ತಿಲ್ವಾ' ಅಂತಾರೆ! ಓಡೋಕೆ ಹೋದ್ರೆ 'ಯಾರು ಅಟ್ಟಿಸ್ಕೊಂಡು ಬಂದ್ರು' ಅಂತಾರೆ!" ಕಾಲು ತಾನಾಗಿಯೇ ತುಳಿಯುತ್ತಿದೆ, ಚಕ್ರ ಗುಂಯ್‌ಗುಡುತ್ತಿದೆ, ದನಿಯಲ್ಲಿ ಒಂದು ಸುಕ್ಕಿಲ್ಲ. ಟೇಲರಕ್ಕ ನಗು ತಡೆಯುತ್ತಾ, ಹಾಕಿದ ಬಳೆಗಳನ್ನೆಲ್ಲ ಒಂದೊಂದಾಗಿ ತೆಗೆದು ತಾವು ಮೊದಲು ಕೂರಿಸಿದ್ದ ಗಿಡ್ಡ ಸ್ಟೆಮ್ಮಿಗೇ ಮರಳುತ್ತಾರೆ. ಪ್ರತಿ ಸಲ ಇಳಿಸಿ, ಬಿಗಿದು, ಮತ್ತೆ ಹತ್ತಿಸಿ, "ಆಮೇಲೇನಂದ್ರು?" ಎನ್ನುತ್ತಾರೆ. ಆಮೇಲೇನಂದರು ಎಂಬುದಕ್ಕೆ ಕೊನೆಯೇ ಇಲ್ಲ. ಹ್ಯಾಂಡಲ್ ಇಳಿಯುತ್ತಾ ಇಳಿಯುತ್ತಾ, ಡ್ರೈವರ್ ಬೆನ್ನು ಮೇಜಿನಂತೆ ಚಪ್ಪಟೆಯಾಗಿ, ಕುತ್ತಿಗೆ ಸಡಿಲವಾಗಿ, ಕೈಬೆರಳುಗಳು ಕೊಂಬಿನ ಮೇಲೆ ತಾಳ ಹಾಕತೊಡಗುತ್ತವೆ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಎಲ್ಲೂ ಕಟಕಟ ಸದ್ದಿಲ್ಲ ಎಂದು ಖಾತರಿಯಾದ ಮೇಲೆಯೇ ಟೇಲರಕ್ಕ ಟೇಪನ್ನು ಕುತ್ತಿಗೆಯಿಂದ ತೆಗೆಯುವುದು.

"ತಪ್ಪು ನಂದೇ. ಹಿಚುಕ್ತಿದ್ದದ್ದು ಸ್ಟೆಮ್ ಅಲ್ಲ, ಅತ್ತೆ" ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದ್ದಕ್ಕೆ ರೆಂಚು ಒರೆಸುತ್ತಾ ಅಂದದ್ದಿಷ್ಟು: "ಚೆನ್ನಾಗಿ ಹೊಲಿದ ಅಂಗಿ ತೋಳು ಯಾರಿಗೂ ನೆನಪಿರಲ್ಲ. ಕಚ್ಚಿದ್ರೆ ಮಾತ್ರ ನೆನಪು. ಈಯಮ್ಮ ಭಾನುವಾರ ಬಂದು ಹ್ಯಾಂಡಲ್ ಬಗ್ಗೆ ಒಂದು ಮಾತೂ ಆಡಬಾರದು. ಅಷ್ಟು ಸಾಕು."

ಭಾನುವಾರ ಮಧ್ಯಾಹ್ನ ನಾವು ಮೂವರೂ ಅಂಗಡಿಯಲ್ಲಿ ಕಾಯುತ್ತಿದ್ದೇವೆ. ಟೇಲರಕ್ಕ ಒಂದೇ ಚಕ್ರವನ್ನು ಮೂರನೇ ಸಲ ಒರೆಸುತ್ತಿದ್ದಾರೆ. ಬೀದಿಯ ತುದಿಯಲ್ಲಿ ವ್ಯಾನೊಂದು ಕಾಣಿಸಿದಾಗ ಅವರ ಕೈ ನಿಲ್ಲುತ್ತದೆ. ಅದು ಲಾಂಡ್ರಿಯ ವ್ಯಾನು. ಅದರ ಹಿಂದೆಯೇ ಕೆಂಪು ಸೈಕಲ್, ಸೈಕಲ್ಲಿನ ಮೇಲೆ ಕೊರಳಲ್ಲಿ ಪದಕ ಹಾಕಿಕೊಂಡ ಡ್ರೈವರ್! ಹಿಂದೆ ಆಟೋದಲ್ಲಿ ಅತ್ತೆ, ಅರ್ಧ ಮೈ ಹೊರಗೆ ಹಾಕಿ ಬೀದಿಯವರಿಗೆಲ್ಲ ಕೂಗುತ್ತಿದ್ದಾರೆ: "ದಾರಿ ಬಿಡ್ರೋ, ನನ್ನ ಸೊಸೆ ಮುಗಿಸ್ಕೊಂಡು ಬಂದಿದ್ದಾಳೆ!"

ಡ್ರೈವರ್ ಇಳಿದು ಒಂದೇ ಉಸಿರಿಗೆ ಹೇಳುತ್ತಾರೆ. ಕೆರೆಯಲ್ಲಿ ಯಾರೋ ಈಜಿನ ಕನ್ನಡಕಕ್ಕೆ ಒದ್ದದ್ದು, ಏರು ರಸ್ತೆಯಲ್ಲಿ ಮೂವರು ಹುಡುಗರನ್ನು ಹಿಂದಿಕ್ಕಿದ್ದು, ಓಟದಲ್ಲಿ ಒಂದು ಶೂ ಲೇಸು ಬಿಚ್ಚಿದ್ದು, ಕೊನೆಯ ತಿರುವಿನಲ್ಲಿ ಅತ್ತೆ ತಡೆಗಂಬ ದಾಟಿ ಜತೆಗೆ ಓಡಿದ್ದು. "ಯಾರು ಅಟ್ಟಿಸ್ಕೊಂಡು ಬಂದ್ರು ಅಂತ ಓಡಿದ್ರಿ ಅತ್ತೆ?" ಎಂದು ಸೊಸೆ ಕೇಳಿದರೆ, "ನೀನೇ ಕಣೇ!" ಎನ್ನುತ್ತಾರೆ ಅವರು. ಎಲ್ಲ ಬಂತು. ಹ್ಯಾಂಡಲ್ಲಿನ ಮಾತು ಬರಲಿಲ್ಲ. ಟೇಲರಕ್ಕ ನನ್ನತ್ತ ತಿರುಗಿ ಒಂದು ಕಣ್ಣು ಮಿಟುಕಿಸುತ್ತಾರೆ.

ಆ ಸಡಗರದಲ್ಲಿ ನನಗೂ ಹುರುಪು ಹತ್ತಿ, ನನ್ನ ಮೈಗೂ ಒಂದು ಸೈಕಲ್ ಹೊಂದಿಸಿ ಎಂದುಬಿಟ್ಟೆ. ಸ್ಟ್ಯಾಂಡಿನ ಮೇಲಿದ್ದ ಸೈಕಲ್ಲಿಗೆ ನನ್ನನ್ನು ಹತ್ತಿಸಿದರು. ನಾನು ತುಳಿಯುತ್ತಾ ಶುರುಮಾಡಿದೆ: ಬೆಟ್ಟ ಹತ್ತಿದ್ದು, ರೈಲನ್ನು ಹಿಂದೆ ಹಾಕಿದ್ದು, ಗಾಳಿ ನನ್ನ ಬಳಿ ದಾರಿ ಕೇಳಿದ್ದು. ಹ್ಯಾಂಡಲ್ ಏರಿಸಿದರು, ಇಳಿಸಿದರು, ಮುಂದೆ ತಳ್ಳಿದರು. ನನ್ನ ದನಿ ಎಲ್ಲೂ ಹಿಚುಕಲಿಲ್ಲ.

"ಅಕ್ಕಾ, ಇವರ ಹತ್ರ ನಿನ್ನ ವಿದ್ಯೆ ನಡೆಯಲ್ಲ" ಎಂದ ತಮ್ಮ. "ತಲೆಕೆಳಗಾಗಿ ನೇತುಹಾಕಿದ್ರೂ ಇವರು ಹೀಗೇ ಮಾತಾಡ್ತಾರೆ."

ಟೇಲರಕ್ಕ ಟೇಪನ್ನು ಬೆರಳಿಗೆ ಸುತ್ತುತ್ತಾ ನನ್ನೆದುರು ಬಂದು ನಿಂತರು. "ಬೆಟ್ಟ ಗಿಟ್ಟ ಬೇಡ ಸ್ವಾಮಿ. ಒಂದೇ ಒಂದು ನಿಜ ಹೇಳಿ ನೋಡೋಣ."

ನಾನು ತುಳಿಯುತ್ತಲೇ ಬಾಯಿ ತೆರೆದೆ. "ನಂಗೆ... ಅದೇನಂದ್ರೆ... ನಂಗೆ ಸೈಕಲ್ ಬರಲ್ಲ."

"ಹಾಂ, ಈಗ ಹಿಚುಕ್ತು ನೋಡಿ!" ಎಂದು ಟೇಲರಕ್ಕ ಚಪ್ಪಾಳೆ ತಟ್ಟಿ, ಹೊಸ ಬಳೆ ತರಲು ಓಡಿದರು. ಅತ್ತೆ ನನ್ನ ಬೆನ್ನು ತಟ್ಟಿ, "ನಂಗೂ ಬರಲ್ಲ ಬಿಡಪ್ಪಾ, ಇಬ್ರೂ ಒಟ್ಟಿಗೆ ಕಲಿಯೋಣ" ಎಂದರು.

ಹೀಗಾಗಿ, ಓದುಗರೇ, ಮೊದಲಲ್ಲಿ ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳಿ. ನಾನು ತುಳಿದ ಸೈಕಲ್ ಸ್ಟ್ಯಾಂಡು ಬಿಟ್ಟು ಒಂದಂಗುಲವೂ ಕದಲಲಿಲ್ಲ. ನನ್ನ ನೆರಳು ಬಸ್ಸು ಹಿಡಿದು ಮನೆಗೆ ಬಂದದ್ದು ಮಾತ್ರ ನಿಜ. ಪಕ್ಕದ ಸೀಟಿನಲ್ಲಿ ನಾನೂ ಇದ್ದೆ.