ಮಗ್ಗದ ಸದ್ದಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಸುಳ್ಳಲ್ಲ. ಹಾಡು ಬರುತ್ತಾ ಎಂದು ಕೇಳುವುದೆಲ್ಲ ಬೇರೆಯವರ ಮನೆಯಲ್ಲಿ. ನಮ್ಮವರು ಕೇಳುತ್ತಿದ್ದದ್ದು, "ಕಂಡಿಕೆ ಸುತ್ತೋಕೆ ಬರುತ್ತಾ?" ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಕೊಳವೆ. ಪವರ್‌ಲೂಮಿನ ಮುಂದೆ ನಿಲ್ಲುವುದು ಗಂಡಸರ ಕೆಲಸ, ಮೂಲೆಯಲ್ಲಿ ಕೂತು ಅವರಿಗೆ ಕಂಡಿಕೆ ಸುತ್ತಿಕೊಡುವುದು ಹೆಂಗಸರ ಕೆಲಸ. ಸೊಸೆ ಬಂದಳು ಎಂದರೆ ಮನೆಗೆ ಎರಡು ಕೈ ಬಂತು ಎಂದೇ ಅರ್ಥ.

ನನ್ನಮ್ಮ ಹಾಗೆ ಬಂದವಳು. ಹದಿನಾರು ತುಂಬುವ ಮೊದಲೇ ಅವಳಿಗೆ ಧಾರೆ ಎರೆದಿದ್ದರು. ಅಪ್ಪನ ಮುಖ ಮೊದಲು ಕಂಡದ್ದು ಮಂಟಪದಲ್ಲೇ. "ಹೇಗಿದ್ರು ಅಮ್ಮ ಆಗ?" ಎಂದು ನಾನು ಕೇಳಿದರೆ, "ಏನ್ ನೋಡ್ಲಿ, ಕಣ್ತುಂಬ ಹೊಗೆ" ಎನ್ನುತ್ತಿದ್ದಳು.

ನಾನು ಹಾಗಲ್ಲ. ಮನೆಯಲ್ಲಿ ನನಗೆ ಬಾಯಿಬಡುಕಿ ಎಂದೇ ಹೆಸರು. ಪಿಯುಸಿ ಪಾಸಾದ ಮೇಲೆ ಹಟ ಹಿಡಿದು, ಊಟ ಬಿಟ್ಟು ಕೂತು, ಟೀಚರ್ ಟ್ರೈನಿಂಗಿಗೆ ಸೇರಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ವರ್ಷದ ಓದು ಮುಗಿದು ಇನ್ನೊಂದು ವರ್ಷ ಬಾಕಿ ಇರುವಾಗ ದೇವನಹಳ್ಳಿ ಕಡೆಯಿಂದ ಸಂಬಂಧ ಬಂತು. ಅವರ ಮನೆಯಲ್ಲೂ ಮಗ್ಗಗಳೇ. ಬೀದಿಯಲ್ಲಿ ನನಗಿಂತ ಜಾಣೆಯರು ಹೀಗೆ ಅರ್ಧಕ್ಕೆ ಓದು ಬಿಟ್ಟು ಹೋಗಿ ಕಂಡಿಕೆ ಮುಂದೆ ಕೂತಿದ್ದನ್ನು ಕಂಡಿದ್ದೆ. ಗಂಡ ಎಂಥವನಾದರೂ ಸಿಗಲಿ, ಆ ಸರ್ಟಿಫಿಕೇಟು ಕೈತಪ್ಪಬಾರದು ಎಂಬುದೊಂದೇ ನನ್ನ ಚಿಂತೆ. ಅಪ್ಪನಿಗೆ ಹೇಳಿದರೆ, "ಅದನ್ನೆಲ್ಲ ಅವ್ರ ಮನೇಲಿ ಕೇಳ್ಕೋ" ಎಂದು ಕೈ ತೊಳೆದುಕೊಂಡರು.

ಅವರು ಬರುವ ಹೊತ್ತನ್ನು ಗೊತ್ತುಮಾಡುವಾಗ ಅಪ್ಪ ರಾಹುಕಾಲಕ್ಕಿಂತ ಹೆಚ್ಚಾಗಿ ಕರೆಂಟು ತೆಗೆಯುವ ಕಾಲ ನೋಡಿದ್ದರು. ಆದರೆ ನಮ್ಮ ಗ್ರಹಚಾರ, ಅವರು ಬಂದು ಚಾಪೆ ಮೇಲೆ ಕೂರುತ್ತಿದ್ದಂತೆ ಕರೆಂಟು ಬಂದೇಬಿಟ್ಟಿತು. ನಮ್ಮ ನಡುಮನೆಯ ಅರ್ಧ ಭಾಗವೇ ಮಗ್ಗದ ಮನೆ. ಅಪ್ಪನ ಕೈ ಸುಮ್ಮನಿರಬೇಕಲ್ಲ! ಅವರು ಚಡಪಡಿಸುವುದನ್ನು ಕಂಡು ಹುಡುಗನ ತಂದೆಯೇ, "ಹಾಕಿ ಸ್ವಾಮಿ, ನಮಗೇನ್ ಹೊಸದಾ" ಎಂದರು. ಮಗ್ಗಗಳು ಧಡಧಡ ಎಂದು ಶುರುವಾದವು. ಇಬ್ಬರು ಅಪ್ಪಂದಿರೂ ಅಲ್ಲಿಗೇ ಹೋಗಿ, ನೇಯುತ್ತಿದ್ದ ಸೀರೆಯ ಅಂಚಿನೊಳಗೆ ತಲೆ ಹಾಕಿಬಿಟ್ಟರು. ಇತ್ತ ಚಾಪೆ ಮೇಲೆ ಅಮ್ಮ, ಹುಡುಗನ ತಾಯಿ. ಎದುರಿಗೆ ಕುರ್ಚಿಯಲ್ಲಿ ಹುಡುಗ. ಅವನಿಗೆ ಕಾಫಿ ಲೋಟ ಕೊಟ್ಟು, ತಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತವಳು ನಾನು.

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಒಂದು ವಿದ್ಯೆ ತಾನಾಗಿ ಬಂದಿರುತ್ತದೆ. ಆ ಸದ್ದಿನಲ್ಲಿ ಎಷ್ಟು ಕೂಗಿದರೂ ದಂಡ. ಹಾಗಾಗಿ ನಾವು ದನಿ ಬಿಟ್ಟು, ತುಟಿಯನ್ನು ಅಗಲವಾಗಿ ಆಡಿಸಿ ಮಾತಾಡುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಸ್ಕೂಲಿನಲ್ಲಿ ಗೆಳತಿಯರು ನಮ್ಮನ್ನು ಮೀನುಗಳು ಎಂದು ಆಡಿಕೊಳ್ಳುತ್ತಿದ್ದರು.

ಹುಡುಗ ತಲೆಯೆತ್ತಿ ನನ್ನ ಕಡೆ ನೋಡಿದ. ಅವನ ತುಟಿ ಆಡಿತು.

"ನಿಮಗೆ ಇಷ್ಟ ಇದೆಯಾ?"

ಅಯ್ಯೋ ದೇವರೇ, ನನ್ನನ್ನು ಒಬ್ಬರೂ ಈ ಮಾತು ಕೇಳಿರಲಿಲ್ಲ, ಹೆತ್ತವರೂ ಕೇಳಿರಲಿಲ್ಲ! ಅವಕಾಶ ಬಿಟ್ಟರೆ ಕೆಟ್ಟೆ ಎಂದು ನಾನೂ ತುಟಿ ಆಡಿಸಿದೆ.

"ಓದು ಮುಗೀಬೇಕು. ಆಮೇಲೆ ಕೆಲಸಕ್ಕೂ ಹೋಗ್ತೀನಿ."

"ಎಷ್ಟು ದಿನ?"

"ಒಂದು ವರ್ಷ."

ಅವನು ಕಾಫಿ ಒಂದು ಗುಟುಕು ಕುಡಿದು ಯೋಚಿಸಿದ. "ಮುಗಿಸಿ. ಕಾಯ್ತೀನಿ" ಎಂದ. ಆಮೇಲೆ ಲೋಟ ತೋರಿಸಿ, "ಸಕ್ಕರೆ ಹಾಕಿಲ್ಲ" ಎಂದ. ನಗು ತಡೆಯಲಾಗದೆ ಒಳಗೆ ಓಡಿಹೋದೆ. ಇಡೀ ಪ್ರಪಂಚದಲ್ಲಿ ಈ ಮಾತು ನಮ್ಮಿಬ್ಬರಿಗೇ ಗೊತ್ತು ಎಂದುಕೊಂಡೆ. ಮಗ್ಗದ ಮನೆಯಲ್ಲಿ ಹುಟ್ಟಿಯೂ ಅಷ್ಟು ಬುದ್ಧಿ ಇರಲಿಲ್ಲ ನನಗೆ.

ಒಪ್ಪು ತಾಂಬೂಲದ ದಿನ ಬಂತು. ತಾಂಬೂಲದ ತಟ್ಟೆ ಬದಲಾಯಿಸಿಕೊಂಡರೆ ಮುಗಿಯಿತು, ಮಾತು ಕೊಟ್ಟಂತೆ. ಶಾಸ್ತ್ರಕ್ಕೆಂದು ಆ ದಿನ ಮಗ್ಗ ನಿಲ್ಲಿಸಿದ್ದರು. ಅಪ್ಪ ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಹುಡುಗನ ತಾಯಿ, "ಈ ವೈಶಾಖದಲ್ಲೇ ಮದ್ವೆ ಮಾಡ್ಬಿಡೋಣ. ಓದಿದ್ದು ಸಾಕು. ನಮ್ಮನೇಲಿ ನಾಕು ಮಗ್ಗ, ಕಂಡಿಕೆಗೆ ನಾನೊಬ್ಳೇ. ನನ್ ಬೆರಳು ನೋಡಿ, ಮಡಿಸೋಕಾಗಲ್ಲ" ಎಂದರು. ಅವರ ಬೆರಳ ಗಿಣ್ಣುಗಳು ಊದಿದ್ದವು. ಅವರು ಕೆಟ್ಟವರಲ್ಲ, ಅದು ನನಗೂ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಭಯವಾಯಿತು.

ಹುಡುಗನ ಕಡೆ ನೋಡಿದೆ. ಮಹಾಶಯ ನೆಲ ನೋಡುತ್ತಿದ್ದ. ಅಷ್ಟು ಸದ್ದಿನಲ್ಲಿ ಮಾತಾಡಿದವನಿಗೆ ಈಗ, ಸೂಜಿ ಬಿದ್ದರೂ ಕೇಳುವಾಗ, ದನಿಯೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿಬಡುಕಿಯ ನಾಲಿಗೆಯೂ ಅಂಗುಳಕ್ಕೆ ಅಂಟಿಕೊಂಡಿತ್ತು.

ಅಪ್ಪ ತಟ್ಟೆ ಎತ್ತಿಯೇಬಿಟ್ಟರು.

"ರೀ, ತಟ್ಟೆ ಕೆಳಗಿಡಿ."

ಅಮ್ಮ! ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡೇ ಇರದ ನನ್ನಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಹುಡುಗನ ತಾಯಿಯ ಎದುರಿಗೇ ಕೂತಳು.

"ಅಕ್ಕ, ಆವತ್ತು ನಾವಿಬ್ರೂ ಒಂದೇ ಚಾಪೆ ಮೇಲೆ ಕೂತಿದ್ವಿ. ನಿಮ್ಮ ಹುಡುಗ ಏನ್ ಕೇಳ್ದ, ನಮ್ಮ ಹುಡುಗಿ ಏನ್ ಹೇಳಿದ್ಲು, ಎಲ್ಲಾ ನೋಡ್ದೆ ನಾನು. ನೀವೂ ಮಗ್ಗದ ಮನೆಯವ್ರೇ. ನೀವು ನೋಡ್ಲಿಲ್ವಾ?"

ಹುಡುಗನ ಕಿವಿ ಕೆಂಪಾಯಿತು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಾತಾಡಿದ್ರಾ? ಯಾವಾಗ? ನಾನಿಲ್ಲೇ ಇದ್ನಲ್ಲ!" ಎಂದರು ಅಪ್ಪ.

"ನೀವು ಸೀರೆ ಅಂಚು ನೋಡ್ತಿದ್ರಿ, ಸುಮ್ನಿರಿ."

ಹುಡುಗನ ತಾಯಿಗೇ ನಗು ಬಂತು. "ನೋಡ್ದೆ ಕಣಮ್ಮ. ನೋಡಿಯೂ ನೋಡ್ದಂಗಿದ್ದೆ. ಕಾಫಿಗೆ ಸಕ್ಕರೆ ಹಾಕಿಲ್ಲ ಅಂದಿದ್ದೂ ನೋಡ್ದೆ" ಎಂದು ಮಗನ ಕಡೆ ತಿರುಗಿದರು. "ಏನೋ, ಕಾಯ್ತೀನಿ ಅಂದ್ಯಲ್ಲ. ಈಗ ಬಾಯಿ ಬಿಟ್ಟು ಹೇಳೋ."

"ಕಾಯ್ತೀನಿ" ಎಂದ. ಅವನ ದನಿ ನಾನು ಮೊದಲು ಕೇಳಿದ್ದು ಆಗಲೇ. ಅಂದುಕೊಂಡದ್ದಕ್ಕಿಂತ ಸಣ್ಣ ದನಿ. ಅಮ್ಮನ ಬೆರಳು ನೋಡಿ, "ಕಂಡಿಕೆ ನಾನೇ ಸುತ್ಕೊಡ್ತೀನಿ ಬಿಡಮ್ಮ" ಎಂದೂ ಸೇರಿಸಿದ. ಅವನ ಅಪ್ಪ ಬಾಯಿಗೆ ಹಾಕಿಕೊಳ್ಳುತ್ತಿದ್ದ ಎಲೆಯಡಿಕೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತರು. ಗಂಡುಮಗ ಕಂಡಿಕೆ ಸುತ್ತುವುದೇ! ಆದರೆ ಸುತ್ತಿದ. ಮದುವೆ ಮುಂದಿನ ವರ್ಷ, ನನ್ನ ಪರೀಕ್ಷೆ ಮುಗಿದ ಮೇಲೆ ಆಯಿತು. ನಾನು ಟೀಚರಾಗಿ ಸ್ಕೂಲಿಗೆ ಹೋಗತೊಡಗಿದ ಮೇಲೂ ನಮ್ಮ ಯಜಮಾನರು ಸುತ್ತುತ್ತಲೇ ಇದ್ದರು. ಸೊಸೆಗಿಂತ ಮಗನೇ ಚೆನ್ನಾಗಿ ಸುತ್ತುತ್ತಾನೆ ಎಂದು ಅತ್ತೆಯೇ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಈಗ ನಮ್ಮ ಬೀದಿಯ ಹುಡುಗಿಯರಿಗೆ ಇದನ್ನು ಹೇಳಿದರೆ, "ಅಷ್ಟೇನಾ ಆಂಟಿ?" ಎನ್ನುತ್ತಾರೆ. ಅಷ್ಟೇ. ನಮಗೆ ಅಷ್ಟೇ ಬೆಟ್ಟದಷ್ಟಾಗಿತ್ತು.

ತಾಂಬೂಲದ ದಿನ ಸಂಜೆ, ಎಲ್ಲರೂ ಹೋದ ಮೇಲೆ, ಅಮ್ಮ ಅಡುಗೆಮನೆಯಲ್ಲಿ ಊಟಕ್ಕೆ ಕೂತಳು. ನಾನು ಪಕ್ಕದಲ್ಲಿ ಕೂತು, "ಅಮ್ಮ, ನಿನ್ನನ್ನ ಯಾರಾದ್ರೂ ಕೇಳಿದ್ರಾ ಆಗ?" ಎಂದೆ.

"ನನ್ನನ್ಯಾರು ಕೇಳ್ತಾರೆ." ಒಂದು ತುತ್ತು ನುಂಗಿ ಹೇಳಿದಳು, "ಕೇಳಿದ್ರೂ ನಿಮ್ಮಪ್ಪನ್ನೇ ಒಪ್ಕೊಂತಿದ್ದೆ ಕಣೆ. ಆದ್ರೂ ಕೇಳ್ಬೇಕಿತ್ತು."

ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾವಿಬ್ಬರೂ ನೋಡಿರಲಿಲ್ಲ. ಅಮ್ಮ ಗಾಬರಿಯಾಗಿ ಏಳಲು ಹೋದಳು. "ಕೂತ್ಕೋ, ಊಟ ಮಾಡು" ಎಂದರು ಅಪ್ಪ. ಹೆಗಲ ಮೇಲಿನ ಟವಲು ತೆಗೆದು ಸುಮ್ಮಸುಮ್ಮನೆ ಮುಖ ಒರೆಸಿಕೊಂಡರು.

"ಈಗ ಕೇಳ್ತೀನಿ. ನಿಂಗೆ ಒಪ್ಗೆನಾ?"

ಅಮ್ಮ ಅವರ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು, ಬಾಯಿಯಲ್ಲಿ ಮಾತ್ರ ಎಲ್ಲಿಂದಲೋ ಬಂದ ತುಂಟತನ.

"ಯೋಚ್ನೆ ಮಾಡಿ ಹೇಳ್ತೀನಿ" ಎಂದಳು.

"ಆಗ್ಲಿ" ಎಂದು ಅಪ್ಪ ಅಲ್ಲೇ ನೆಲದ ಮೇಲೆ, ಅವಳ ಊಟ ಮುಗಿಯುವವರೆಗೂ ಕಾದು ಕೂತರು.