ನೀಲಿ ನಳ್ಳಿಯ ನೀರು

ಆಶಾಲತಾ ಥರ್ಮಾಮೀಟರನ್ನು ಝಾಡಿಸಿ, ಮೇಲಿನ ತುದಿ ಹಿಡಿದು ನೀಲಿ ಗುರುತಿನ ತಣ್ಣೀರಿನ ನಳ್ಳಿಯಡಿ ತೊಳೆದು, ಮಗಳ ಕಂಕುಳಲ್ಲಿಟ್ಟಳು. ಕಟಪಾಡಿಯ ಮನೆಯಲ್ಲೂ ಅವಳ ಕ್ರಮ ಇದೇ: ಮೊದಲು ಝಾಡಿಸುವುದು, ಆಮೇಲೆ ತೊಳೆಯುವುದು. ನಾಲ್ಕು ವರ್ಷದ ಸುಪ್ರೀತಾಳಿಗೆ ಬೆಳಿಗ್ಗೆಯಿಂದ ಜ್ವರ.

1997ರ ಜುಲೈ. ತಾಯಿ ಮಗಳು ಕೊಲ್ಲಿ ನಾಡಿನ ಮಂಗಫಿಗೆ ಬಂದು ವಾರವಾಗಿರಲಿಲ್ಲ. ಅಲ್ಲಿಯವರೆಗೆ ಆಶಾಲತಾ ಊರಿನ ಬಾಲವಾಡಿಯಲ್ಲಿ ಟೀಚರ್. ಮಗಳು ಅಪ್ಪನನ್ನು ಕಂಡದ್ದು ಎರಡು ರಜೆಗಳಲ್ಲಿ ಮಾತ್ರ. ಗಂಡ ಸುಕೇಶ್ ರಿಫೈನರಿಯ ಬಸ್ಸು ಹತ್ತುವ ಮೊದಲು ದಿನಾ ಬಕೆಟ್ ತುಂಬಿಸಿಟ್ಟು ಹೋಗುತ್ತಿದ್ದ. ಯಾಕೆಂದು ಅವಳು ಕೇಳಿರಲಿಲ್ಲ. ಅಂದು ಆ ನೀರು ಬಟ್ಟೆ ಒಗೆಯುವುದರಲ್ಲೇ ಮುಗಿದಿತ್ತು.

ಥರ್ಮಾಮೀಟರ್ ತೆಗೆದು ನೋಡಿದಳು. ಪಾದರಸ ಗೀಟುಗಳು ಮುಗಿಯುವಲ್ಲಿ ನಿಂತಿತ್ತು. ನೂರ ಎಂಟು. ಸೆರಗಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು. ನೂರ ಎಂಟೇ.

ಮಗುವನ್ನೆತ್ತಿ ಬಚ್ಚಲಿಗೆ ಓಡಿದಳು. ತಲೆಗೆ ತಣ್ಣೀರು ಸುರಿಯಬೇಕು, ಅಷ್ಟೇ ಗೊತ್ತಿತ್ತು. ಅದೇ ನೀಲಿ ನಳ್ಳಿಯಿಂದ ಚೊಂಬು ತುಂಬಿಸಿ, ಅಮ್ಮ ಕಲಿಸಿದ ಹಾಗೆ ಮೊದಲು ಕಾಲಿಗೆ ಹೊಯ್ದಳು. ಮಗು ಕಿರುಚಿತು. ಪುಟ್ಟ ಪಾದ ಕೆಂಪಗಾಗಿತ್ತು. ಆಶಾಲತಾ ಚೊಂಬಿಗೆ ಬೆರಳದ್ದಿ ಸರಕ್ಕನೆ ಹಿಂದೆಗೆದಳು.

ಕೂಗು ಕೇಳಿ ಎದುರು ಮನೆಯ ನರ್ಸ್ ಇಸಾಬೆಲ್ ಬಂದಳು.

"ಎಂತ ಮಾರಾಯ್ತಿ, ಮಗುವನ್ನು ಬೇಯಿಸ್ತೀಯಾ? ನಿನ್ನ ನೀಲಿ ನಳ್ಳಿಯ ಟ್ಯಾಂಕ್ ಟೆರೇಸಲ್ಲಿ ಬಿಸಿಲಿಗೆ ಕೂತಿದೆ."

"ನೂರ ಎಂಟು ಉಂಟು ಅಕ್ಕ."

"ನೂರ ಎಂಟು ಇದ್ರೆ ಇಷ್ಟು ಬೊಬ್ಬೆ ಹೊಡೀಲಿಕ್ಕೆ ಆಗ್ತದಾ?" ಇಸಾಬೆಲ್ ಬಿಸಿನೀರಿನ ಕೆಂಪು ನಳ್ಳಿ ತಿರುಗಿಸಿ ಮಗುವಿನ ಪಾದವನ್ನು ಅದರಡಿ ಹಿಡಿದಳು. ನೀರು ತಂಪಾಗಿತ್ತು. "ಗೀಸರ್ ಬೇಸಿಗೆಗೆ ಆಫ್. ಒಳಗೆ ಎಸಿಯಲ್ಲಿ ಕೂತ ನೀರು ಇದು. ಇಲ್ಲದಿದ್ರೆ ಬೆಳಿಗ್ಗೆಯೇ ಬಕೆಟ್ ತುಂಬಿಸಿ ತಣಿಯಲಿಕ್ಕೆ ಇಡ್ಬೇಕು. ಸುಕೇಶ್ ಹೇಳ್ಲಿಲ್ವಾ?"

"ಇಲ್ಲ."

"ಗಂಡಸರು."

ಇಸಾಬೆಲ್ ಥರ್ಮಾಮೀಟರನ್ನು ಕೆಂಪು ನಳ್ಳಿಯಲ್ಲಿ ತೊಳೆದು, ಆಮೇಲೆ ಝಾಡಿಸಿದಳು. "ನೀನು ಝಾಡಿಸಿದ ಮೇಲೆ ನೀಲಿ ನಳ್ಳಿಯಲ್ಲಿ ತೊಳೆದಿರ್ಬೇಕು. ಬಿಸಿನೀರಿಗೆ ಏರಿದ ಪಾದರಸ ಝಾಡಿಸದೆ ಇಳಿಯೋದಿಲ್ಲ. ನೀನು ಅಳೆದದ್ದು ಟ್ಯಾಂಕಿನ ಜ್ವರ."

ಈ ಸಲ ನೂರ ಎರಡು. ಆಶಾಲತಾ ಬಚ್ಚಲ ನೆಲದ ಮೇಲೇ ಕುಳಿತಳು. ಆ ಚೊಂಬು ಮೊದಲು ತಲೆಗೆ ಹೋಗಿದ್ದರೆ ಎಂದು ಯೋಚಿಸುತ್ತಾ ಅದರಲ್ಲಿ ಉಳಿದಿದ್ದ ನೀರನ್ನು ಚೆಲ್ಲಿದಳು. ಇಸಾಬೆಲ್ ಮಗುವನ್ನು ತಾನೇ ಎತ್ತಿಕೊಂಡಳು.

ಸಂಜೆಯೊಳಗೆ ಪಾದದ ಕೆಂಪು ಇಳಿಯಿತು. ಮರುದಿನ ಸುಕೇಶ್ ರಜೆ ಹಾಕಿ ಇಬ್ಬರನ್ನೂ ಪಕ್ಕದ ಫಿಂಟಾಸಿನ ಕ್ಲಿನಿಕ್ಕಿಗೆ ಕರೆದೊಯ್ದ. ಡಾಕ್ಟರು ಗಂಟಲಿನ ಸೋಂಕಿಗೆ ಔಷಧಿ ಬರೆದುಕೊಟ್ಟರು.